ದಕ್ಷಿಣ ಗೋಳಾರ್ಧಕ್ಕೆ ಹೊರಟಾಗ: ನಮ್ಮೂರಿನಿಂದ ಸಿಗದ ನೀಹಾರಿಕೆಗಳನ್ನು ಆರಿಸಿಕೊಳ್ಳುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬೇಸಿಗೆ ರಜೆಯಲ್ಲಿ ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಮಕ್ಕಳ ಮನೆಗೆ ಹೋಗುವ ಖಗೋಳ ಛಾಯಾಗ್ರಾಹಕರು ಕ್ಯಾಮೆರಾ, ನಕ್ಷತ್ರಗಳ ಚಲನೆಗೆ ತಕ್ಕಂತೆ ಅದನ್ನು ತಿರುಗಿಸುವ ಟ್ರ್ಯಾಕರ್‌ಗಳನ್ನು ಒಯ್ಯುವುದಾದರೆ, ಅಲ್ಲಿ ಏನನ್ನು ಚಿತ್ರಿಸಬೇಕೆಂಬುದನ್ನು ಇಲ್ಲಿಂದ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ದಕ್ಷಿಣಾಕಾಶದ ‘ನೋಡಲೇಬೇಕಾದ’ ಕಾಯಗಳ ಪಟ್ಟಿಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಅನೇಕವು 50 ಡಿಗ್ರಿ ಉತ್ತರದಲ್ಲಿ ವಾಸಿಸುವವರಿಗೆಂದು ಬರೆದಂತಿರುತ್ತವೆ. ಸುಮಾರು 14 ಡಿಗ್ರಿ ಉತ್ತರದಲ್ಲಿರುವ ನಮಗೆ ದಕ್ಷಿಣಾಕಾಶದ ಬಹುಭಾಗ ಮನೆಯ ಮಾಳಿಗೆಯಿಂದಲೇ ಕಾಣುತ್ತದೆ. ಆದ್ದರಿಂದ ಊರಿನಲ್ಲಿ ಚೆನ್ನಾಗಿ ಸಿಗುವುದನ್ನು ಊರಿಗೇ ಬಿಟ್ಟು, ಇಲ್ಲಿ ದಿಗಂತಕ್ಕೆ ಅಂಟಿಕೊಂಡೇ ಉಳಿಯುವುದನ್ನು ಅಲ್ಲಿ ಹಿಡಿಯಬೇಕು.

ಇದಕ್ಕೆ ಬೇಕಾದ ಲೆಕ್ಕ ಸರಳವಾದದ್ದು. ಊರಿನ ಅಕ್ಷಾಂಶಕ್ಕೂ ಕಾಯದ ಡೆಕ್ಲಿನೇಶನ್ನಿಗೂ (ಆಕಾಶದಲ್ಲಿ ಅದರ ಅಕ್ಷಾಂಶ ಎನ್ನಬಹುದು) ಇರುವ ವ್ಯತ್ಯಾಸವನ್ನು 90ರಿಂದ ಕಳೆದರೆ ಆ ಕಾಯ ಆ ಊರಿನಲ್ಲಿ ಏರಬಹುದಾದ ಗರಿಷ್ಠ ಎತ್ತರ ಡಿಗ್ರಿಗಳಲ್ಲಿ ಸಿಗುತ್ತದೆ. ದಕ್ಷಿಣದ ಬೆಲೆಗಳಿಗೆ ಋಣ ಚಿಹ್ನೆ ಹಾಕುವುದನ್ನು ಮರೆಯಬಾರದು. ಒಮೇಗಾ ಸೆಂಟಾರಿ ಎಂಬ ನಕ್ಷತ್ರ ಗುಚ್ಛದ ಡೆಕ್ಲಿನೇಶನ್ −47.5. ಚಿತ್ರದುರ್ಗದಲ್ಲಿ ವ್ಯತ್ಯಾಸ 61.5 ಆಗುವುದರಿಂದ ಅದು 28 ಡಿಗ್ರಿಯ ಆಸುಪಾಸಿಗೆ ಏರಿ ಇಳಿಯುತ್ತದೆ. −34ರಲ್ಲಿರುವ ಸಿಡ್ನಿಯಲ್ಲಿ 76 ಡಿಗ್ರಿ ದಾಟುತ್ತದೆ. ಎತ್ತರಕ್ಕೆ ಇಷ್ಟು ಮಹತ್ವ ಕೊಡಲು ಕಾರಣ ಗಾಳಿ. ನೆತ್ತಿಯ ಮೇಲಿರುವ ಕಾಯದ ಬೆಳಕು ದಾಟುವ ಗಾಳಿಗೆ ಹೋಲಿಸಿದರೆ 30 ಡಿಗ್ರಿಯಲ್ಲಿರುವುದು ಎರಡರಷ್ಟನ್ನೂ, 16 ಡಿಗ್ರಿಯಲ್ಲಿರುವುದು ಸುಮಾರು ಮೂರೂವರೆಯಷ್ಟನ್ನೂ ದಾಟಿ ಬರಬೇಕು. ಅದರ ಮೇಲೆ ನಮ್ಮ ಬೇಸಿಗೆಯ ಧೂಳು, ಹೆದ್ದಾರಿಯ ದೀಪಗಳು, ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ಮಿನುಗು. ಹೀಗಾಗಿ ಊರಿನಲ್ಲಿ 30 ಡಿಗ್ರಿಗಿಂತ ಕೆಳಗೇ ಉಳಿಯುವ ಕಾಯಗಳಿಗೆ ಮೊದಲ ಆದ್ಯತೆ ಎಂಬ ಗೆರೆಯನ್ನು ನಾನು ಹಾಕಿಕೊಂಡಿದ್ದೇನೆ.

ಈ ಗೆರೆ ಹಾಕಿದೊಡನೆ ಕೆಲವು ಪ್ರಸಿದ್ಧ ಹೆಸರುಗಳು ಉದುರಿಹೋಗುತ್ತವೆ. ಮಹಾವ್ಯಾಧದ ದೊಡ್ಡ ನೀಹಾರಿಕೆ ಸಿಡ್ನಿಗಿಂತ ನಮ್ಮಲ್ಲೇ ಹೆಚ್ಚು ಎತ್ತರಕ್ಕೆ ಏರುತ್ತದೆ. ಹೀಲಿಕ್ಸ್ ನೀಹಾರಿಕೆಯೂ ಎನ್‌ಜಿಸಿ 253 ಗೆಲಕ್ಸಿಯೂ ಚಿತ್ರದುರ್ಗದಲ್ಲಿ 50 ಡಿಗ್ರಿ ದಾಟುವುದರಿಂದ ಅವುಗಳಿಗಾಗಿ ಪರದೇಶದ ರಾತ್ರಿಯನ್ನು ವ್ಯಯಿಸುವುದು ವ್ಯರ್ಥ. ಧನು ರಾಶಿಯ ದಿಕ್ಕಿನಲ್ಲಿರುವ ಕ್ಷೀರಪಥದ ನಡುಭಾಗ ಮಾತ್ರ ಇದಕ್ಕೆ ಅಪವಾದ. ಅದು ಇಲ್ಲಿ 46 ಡಿಗ್ರಿವರೆಗೆ ಏರುತ್ತದಾದರೂ, ನಡುರಾತ್ರಿಯಲ್ಲಿ ಉತ್ತುಂಗಕ್ಕೆ ಬರುವ ಜೂನ್ ಹೊತ್ತಿಗೆ ನಮ್ಮ ಆಕಾಶವನ್ನು ಮುಂಗಾರು ಮುಚ್ಚಿರುತ್ತದೆ. ಅಲ್ಲಿಯಾದರೆ ಅದು ಚಳಿಗಾಲದ ದೀರ್ಘ ರಾತ್ರಿ, ಕ್ಷೀರಪಥವೂ ಹೆಚ್ಚುಕಡಿಮೆ ನೆತ್ತಿಯ ಮೇಲೇ.

ಏಪ್ರಿಲ್ ಮಧ್ಯದ ಅಮಾವಾಸ್ಯೆಯ ಆಸುಪಾಸಿನಲ್ಲಿ ಸಿಡ್ನಿಯ ಕಡೆ ಇರುವವರಿಗೆ ಒಂದೇ ರಾತ್ರಿಯೊಳಗೆ ಒಳ್ಳೆಯ ಸರದಿ ಸಿಗುತ್ತದೆ. ಕತ್ತಲಾದ ಕೂಡಲೇ ದೊಡ್ಡ ಮೆಗೆಲನ್ ಮೋಡವು (ಇದು ಕ್ಷೀರಪಥದ ನೆರೆಯ ಪುಟ್ಟ ಗೆಲಕ್ಸಿ) ನೈಋತ್ಯದಲ್ಲಿ 40 ಡಿಗ್ರಿಗಿಂತ ಮೇಲಿರುತ್ತದೆ, ಆದರೆ ಇಳಿಯುತ್ತಿರುತ್ತದೆ. ಆದ್ದರಿಂದ ಮೊದಲ ಗಂಟೆ ಅದಕ್ಕೇ ಮೀಸಲು. ರಾತ್ರಿ 9ರ ಸುಮಾರಿಗೆ ಕರೀನಾ ನೀಹಾರಿಕೆ 64 ಡಿಗ್ರಿಗೆ ಬರುತ್ತದೆ. ಚಿತ್ರದುರ್ಗದಲ್ಲಿ ಅದಕ್ಕೆ ದಕ್ಕುವುದು 16 ಡಿಗ್ರಿ ಮಾತ್ರ. ನಡುರಾತ್ರಿಗೆ ಒಮೇಗಾ ಸೆಂಟಾರಿ, ನಸುಕಿನ 4ರ ಹೊತ್ತಿಗೆ ಕ್ಷೀರಪಥದ ನಡುಭಾಗ. 47 ಟುಕಾನೆ ಗುಚ್ಛ ಎಷ್ಟೇ ಸೊಗಸಾಗಿದ್ದರೂ ಏಪ್ರಿಲ್‌ನಲ್ಲಿ ಕೆಳಗಿರುತ್ತದೆ. ಅದು ದಸರೆ ರಜೆಯಲ್ಲಿ ಹೋಗುವವರ ಪಾಲಿನದು. ಹೋಗುವ ಊರು ಮತ್ತು ದಿನಾಂಕವನ್ನು ಆಕಾಶವನ್ನು ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಕೊಟ್ಟು ಈ ಸರದಿಯನ್ನು ಒಮ್ಮೆ ಓಡಿಸಿ ನೋಡಬೇಕು. ನಗರದಿಂದ ಹೊರಗೆ ಹೋಗಲು ಸಾಧ್ಯವಿದ್ದವರು ಕೂನಾಬರಾಬ್ರನ್ ಬಳಿಯ ವಾರಂಬಂಗಲ್ ಉದ್ಯಾನವನ್ನು ಪರಿಗಣಿಸಬಹುದು. 2016ರಲ್ಲಿ ಆಸ್ಟ್ರೇಲಿಯಾದ ಮೊದಲ ‘ಡಾರ್ಕ್ ಸ್ಕೈ ಪಾರ್ಕ್’ ಎಂಬ ಮನ್ನಣೆ ಪಡೆದದ್ದು ಅದೇ.

ಲೆನ್ಸ್ ಆಯ್ಕೆಯೂ ಕಾಯದ ಆಯ್ಕೆಯ ಭಾಗವೇ. ಎಪಿಎಸ್-ಸಿ (ಫುಲ್-ಫ್ರೇಮ್‌ಗಿಂತ ಚಿಕ್ಕ ಸಂವೇದಕದ) ಕ್ಯಾಮೆರಾಕ್ಕೆ 135 ಎಂಎಂ ಲೆನ್ಸ್ ಹಾಕಿದರೆ ಚೌಕಟ್ಟಿನ ಅಗಲ ಸುಮಾರು 10 ಡಿಗ್ರಿ; ದೊಡ್ಡ ಮೆಗೆಲನ್ ಮೋಡವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅಂಚುಗಳು ಕತ್ತರಿಸಿಹೋಗುತ್ತವೆ, 85 ಎಂಎಂ ಲೇಸು. ಎರಡು ಡಿಗ್ರಿ ಹರಡಿರುವ ಕರೀನಾಕ್ಕೆ 200ರಿಂದ 400 ಎಂಎಂ ಹೊಂದುತ್ತದೆ. ಆದರೆ ಕರೀನಾದ ಕೆಂಪು ಬಹುಮಟ್ಟಿಗೆ ಹೈಡ್ರೋಜನ್‌ನ 656 ನ್ಯಾನೋಮೀಟರ್ ಬೆಳಕಾಗಿದ್ದು, ಅಂಗಡಿಯಿಂದ ತಂದಂತೆಯೇ ಇರುವ ಕ್ಯಾಮೆರಾದ ಫಿಲ್ಟರ್ ಅದರ ಹೆಚ್ಚಿನ ಪಾಲನ್ನು ತಡೆಯುತ್ತದೆ. ಅಂಥ ಕ್ಯಾಮೆರಾ ಇದ್ದವರು ಸಮಯ ಕಡಿಮೆಯಿದ್ದಲ್ಲಿ ಒಮೇಗಾ ಸೆಂಟಾರಿಯನ್ನೇ ಮುಂದಿಡಲಿ. ಆ ಗುಚ್ಛವನ್ನು ಹೊರಡುವ ಮೊದಲೇ ಚಳ್ಳಕೆರೆಯ ಬಯಲಿನಿಂದ, ತೆರೆದ ದಕ್ಷಿಣ ದಿಗಂತದ ಮೇಲೆ ಒಮ್ಮೆ ಚಿತ್ರಿಸಿಕೊಂಡರೆ ನಡುಭಾಗ ಬೆಳ್ಳಗೆ ಸುಟ್ಟುಹೋಗದ ಎಕ್ಸ್‌ಪೋಶರ್ ಎಷ್ಟೆಂಬುದು ಅಂದಾಜಿಗೆ ಸಿಗುತ್ತದೆ.

ಇನ್ನು ಟ್ರ್ಯಾಕರ್. ಇಲ್ಲಿ 14 ಡಿಗ್ರಿಯಲ್ಲಿ ಧ್ರುವ ನಕ್ಷತ್ರದ ಕಡೆಗೆ ತಿರುಗಿಸುತ್ತಿದ್ದ ಅದರ ಅಕ್ಷವನ್ನು ಅಲ್ಲಿ ದಕ್ಷಿಣಕ್ಕೆ ತಿರುಗಿಸಿ 34 ಡಿಗ್ರಿಗೆ ಏರಿಸಬೇಕು. ದಕ್ಷಿಣ ಧ್ರುವದ ಬಳಿಯಿರುವ ಸಿಗ್ಮಾ ಆಕ್ಟಾಂಟಿಸ್ 5.4ರ ಕಾಂತಿಮಾನದ ಮಂಕು ಚುಕ್ಕೆಯಾದ್ದರಿಂದ, ಊರ ಬೆಳಕಿನಲ್ಲಿ ಅದನ್ನು ಬರಿಗಣ್ಣಿನಿಂದ ಹುಡುಕುವುದಕ್ಕಿಂತ ಪ್ಲೇಟ್ ಸಾಲ್ವಿಂಗ್ ಮಾಡುವ, ಅಂದರೆ ಚಿತ್ರದಲ್ಲಿನ ನಕ್ಷತ್ರಗಳನ್ನು ಗುರುತಿಸಿ ಕ್ಯಾಮೆರಾ ಎತ್ತ ನೋಡುತ್ತಿದೆ ಎಂದು ಹೇಳುವ ತಂತ್ರಾಂಶವನ್ನು ನೆಚ್ಚಿಕೊಳ್ಳುವುದೇ ಕ್ಷೇಮ. ಟ್ರ್ಯಾಕರ್ ತಿರುಗುವ ದಿಕ್ಕೂ ಅದಲುಬದಲಾಗಬೇಕಾಗಿರುವುದರಿಂದ ಉತ್ತರ–ದಕ್ಷಿಣ ಸ್ವಿಚ್ಚನ್ನು ದಕ್ಷಿಣಕ್ಕೆ ಹಾಕಬೇಕು. ಪರೀಕ್ಷೆಗೆಂದು ತೆಗೆದ ಮೊದಲ ಚಿತ್ರದಲ್ಲಿ ನಕ್ಷತ್ರಗಳು ಗೆರೆಗಳಾಗಿ ಬಂದರೆ, ಧ್ರುವದ ಜೋಡಣೆಯನ್ನು ಬಿಚ್ಚಿ ಮತ್ತೆ ಮಾಡುವ ಮೊದಲು ನೋಡಬೇಕಾದದ್ದು ಆ ಸ್ವಿಚ್ಚನ್ನೇ.