ಬಸುರಿ ಎಂದು ಕೆಲಸದಿಂದ ತೆಗೆದರೆ ಏನು ಮಾಡಬೇಕು?

ಕಾರವಾರದ ಬಟ್ಟೆ ಅಂಗಡಿಯಾಗಲಿ, ಮೀನು ಸಂಸ್ಕರಣಾ ಘಟಕವಾಗಲಿ, ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಹೆರಿಗೆ ಸೌಲಭ್ಯ ಮಾಲೀಕರ ಔದಾರ್ಯವಲ್ಲ, ಕಾನೂನಿನ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ರಕ್ಷಣೆಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿವೆ.

ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಸಿಗುತ್ತದೆ. ಈ 80 ದಿನ ಸತತವಾಗಿರಬೇಕಿಲ್ಲ. ಜೂನ್-ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಕೆಲಸ ನಿಲ್ಲುವ ಕರಾವಳಿಯಲ್ಲಿ ಇದನ್ನು ಮರೆಯಬಾರದು. ಆದ್ದರಿಂದ ಹಾಜರಿ ಪುಸ್ತಕದ ಪುಟ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ತಾಯಿ ಕಾರ್ಡಿನ ಜೊತೆಗೇ ಜೋಪಾನವಾಗಿಡಿ.

ಗರ್ಭಿಣಿ ಎಂಬುದನ್ನು ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾಗಬೇಡಿ. ರಜೆ ಆರಂಭವಾಗುವ ದಿನಾಂಕವನ್ನು ನಮೂದಿಸಿದ ಅರ್ಜಿಗೆ ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ಪ್ರತಿಯ ಮೇಲೆ ಸಹಿ ಮತ್ತು ಮೊಹರು ಪಡೆಯಿರಿ. ಸ್ವೀಕರಿಸಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ದಿನವಿಡೀ ನಿಂತು ಸಿಗಡಿ ಸುಲಿಯುವಂಥ ಕೆಲಸದಿಂದ ಹೆರಿಗೆಗೆ ಮುಂಚಿನ ಸುಮಾರು ಹತ್ತು ವಾರ ವಿನಾಯಿತಿಯನ್ನು ಕೋರಬಹುದು. ಕೋರಿದರೆ ಮಾತ್ರ ಸಿಗುವುದರಿಂದ ಅದನ್ನೂ ಬರೆದೇ ಕೇಳುವುದು ಒಳಿತು.

ಹೆರಿಗೆ ರಜೆಯಲ್ಲಿರುವಾಗ ವಜಾ ಮಾಡುವುದು ಕಾನೂನುಬಾಹಿರ. “ನೀವಾಗಿಯೇ ಬಿಡುತ್ತೇನೆಂದು ಬರೆದುಕೊಡಿ” ಎಂಬ ಮಾತಿಗೆ ಮಾತ್ರ ಸಹಿ ಹಾಕಬೇಡಿ; ಹೆಚ್ಚಿನ ಪ್ರಕರಣಗಳು ಸೋಲುವುದು ಅಲ್ಲಿಯೇ ಎಂಬುದು ನನ್ನ ಅನಿಸಿಕೆ. ವಜಾ ಆದೇಶ ತಲುಪಿದ 60 ದಿನಗಳೊಳಗೆ ಕಾರ್ಮಿಕ ಇಲಾಖೆಯ ಮೂಲಕ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಿ. ವಕೀಲರ ಶುಲ್ಕದ ಚಿಂತೆಯಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.