‘ದಿ ಗ್ರೇಟ್ ಗ್ಯಾಟ್ಸ್‌ಬಿ’: ಮೊದಲ ಮುದ್ರಣವನ್ನು ಗುರುತಿಸುವುದು ಹೇಗೆ?

ಎಫ್. ಸ್ಕಾಟ್ ಫಿಟ್ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯನ್ನು ನ್ಯೂಯಾರ್ಕಿನ ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್ ಪ್ರಕಾಶನ ಸಂಸ್ಥೆಯು 1925ರ ಏಪ್ರಿಲ್ 10ರಂದು ಹೊರತಂದಿತು. ಮೊದಲ ಮುದ್ರಣದಲ್ಲಿ 20,870 ಪ್ರತಿಗಳು ಅಚ್ಚಾದವು; ಆಗಸ್ಟ್‌ನಲ್ಲಿ ಇನ್ನೂ 3,000 ಪ್ರತಿಗಳು ಬಂದವು. ಎರಡೂ ಮುದ್ರಣಗಳು ಒಂದೇ ವರ್ಷದವಾದ್ದರಿಂದ 1925 ಎಂಬ ಇಸವಿಯನ್ನಷ್ಟೇ ನಂಬಿ ಹಣ ಕೊಡುವುದು ಅಪಾಯಕರ. ಸಂಗ್ರಾಹಕರು ಬೆಲೆ ಕಟ್ಟುವುದು ಏಪ್ರಿಲ್ ತಿಂಗಳ ಮುದ್ರಣಕ್ಕೆ, ಮತ್ತು ಅದನ್ನು ಖಚಿತಪಡಿಸುವ ಸಾಕ್ಷ್ಯ ಇರುವುದು ಪುಸ್ತಕದ ಒಳಪುಟಗಳಲ್ಲಿ.

ಮೊದಲಿಗೆ ಶೀರ್ಷಿಕೆ ಪುಟವನ್ನು ನೋಡಬೇಕು. ಅಲ್ಲಿ ಸ್ಕ್ರಿಬ್ನರ್ಸ್ ಸಂಸ್ಥೆಯ ಹೆಸರೂ 1925 ಎಂಬ ಇಸವಿಯೂ ಇರಬೇಕು. ಲಂಡನ್ನಿನ ಚ್ಯಾಟೊ ಆ್ಯಂಡ್ ವಿಂಡಸ್ ಹೆಸರಿದ್ದರೆ ಅದು 1926ರ ಬ್ರಿಟಿಷ್ ಆವೃತ್ತಿ. ಸ್ಕ್ರಿಬ್ನರ್ಸ್ ಪುಸ್ತಕಗಳ ಹಕ್ಕುಸ್ವಾಮ್ಯದ ಪುಟದಲ್ಲಿ ‘ಎ’ ಅಕ್ಷರವಿದ್ದರೆ ಮಾತ್ರ ಮೊದಲ ಮುದ್ರಣ ಎಂಬ ಮಾತು ಚಾಲ್ತಿಯಲ್ಲಿದೆಯಾದರೂ, ಆ ಪದ್ಧತಿ ಶುರುವಾದದ್ದು 1930ರ ಸುಮಾರಿಗೆ. ಆದ್ದರಿಂದ ಈ ಕಾದಂಬರಿಯಲ್ಲಿ ‘ಎ’ ಇಲ್ಲದಿರುವುದು ಕೊರತೆಯಲ್ಲ.

ಎರಡನೆಯ ಹಂತವೇ ನಿರ್ಣಾಯಕ. ಮರುಮುದ್ರಣದ ವೇಳೆ ಆರು ಕಡೆ ತಿದ್ದುಪಡಿಗಳಾದವು. 60ನೇ ಪುಟದ 16ನೇ ಸಾಲಿನಲ್ಲಿ ಮೊದಲ ಮುದ್ರಣದಲ್ಲಿದ್ದ ‘ಚ್ಯಾಟರ್’ ಎಂಬ ಪದ ಎರಡನೆಯದರಲ್ಲಿ ‘ಎಕೊಲೇಲಿಯ’ ಆಯಿತು. 119ನೇ ಪುಟದ 22ನೇ ಸಾಲಿನ ‘ನಾರ್ದರ್ನ್’ ಎಂಬುದು ‘ಸದರ್ನ್’ ಆಯಿತು. ದಿಕ್ಕೇ ಬದಲಾಗಿರುವುದರಿಂದ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ. 205ನೇ ಪುಟದ 9 ಮತ್ತು 10ನೇ ಸಾಲುಗಳಲ್ಲಿ ‘ಸಿಕ್ ಇನ್ ಟೈರ್ಡ್’ ಎಂದು ಬಿಡಿಬಿಡಿಯಾಗಿ ಅಚ್ಚಾಗಿದ್ದ ಪದಗಳನ್ನು ಮರುಮುದ್ರಣದಲ್ಲಿ ‘ಸಿಕಂಟೈರ್ಡ್’ ಎಂದು ಕೂಡಿಸಲಾಯಿತು. 211ನೇ ಪುಟದ 7 ಮತ್ತು 8ನೇ ಸಾಲುಗಳಲ್ಲಿದ್ದ ‘ಯೂನಿಯನ್ ಸ್ಟ್ರೀಟ್ ಸ್ಟೇಷನ್’ ತಿದ್ದುಪಡಿಯ ನಂತರ ‘ಯೂನಿಯನ್ ಸ್ಟೇಷನ್’ ಎಂದಾಯಿತು. ಷಿಕಾಗೊ ನಗರದ ಆ ರೈಲು ನಿಲ್ದಾಣದ ನಿಜವಾದ ಹೆಸರು ಅದೇ. ಉಳಿದ ಎರಡು ತಿದ್ದುಪಡಿಗಳು 165ನೇ ಪುಟದಲ್ಲಿ ಲೇಖನ ಚಿಹ್ನೆಗಳಿಗೆ ಸಂಬಂಧಿಸಿದವು, ಅವನ್ನು ನೋಡಲು ಭೂತಗನ್ನಡಿ ಇದ್ದರೆ ಒಳ್ಳೆಯದು. ಆರೂ ಕಡೆ ಹಳೆಯ ಪಾಠವೇ ಇದ್ದರೆ ಮಾತ್ರ ಅದನ್ನು ಏಪ್ರಿಲ್ ಮುದ್ರಣವೆಂದು ಪರಿಗಣಿಸಬೇಕು. ಈ ಪುಟಸಂಖ್ಯೆಗಳು 218 ಪುಟಗಳ ಮೂಲ ವಿನ್ಯಾಸಕ್ಕೆ ಮಾತ್ರ ಅನ್ವಯಿಸುತ್ತವೆ.

ಬೈಂಡಿಂಗ್ ಕಡುಹಸಿರು ಬಟ್ಟೆಯದು. ಮುಂದಿನ ರಟ್ಟಿನ ಮೇಲೆ ಶೀರ್ಷಿಕೆಯನ್ನು ಬಣ್ಣವಿಲ್ಲದೆ ಒತ್ತಲಾಗಿದೆ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿವೆ.

ಕಾಗದದ ಹೊರಹೊದಿಕೆಯನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು, ಏಕೆಂದರೆ ಅದು ಇದ್ದರೆ ಪುಸ್ತಕದ ಬೆಲೆ ಹತ್ತಾರು ಪಟ್ಟು ಏರಿ ಲಕ್ಷ ಡಾಲರ್ ದಾಟುವುದುಂಟು. ಫ್ರಾನ್ಸಿಸ್ ಕ್ಯೂಗಟ್ ಬಿಡಿಸಿದ, ಕಡುನೀಲಿ ಇರುಳಿನಲ್ಲಿ ತೇಲುವ ಕಣ್ಣುಗಳ ಚಿತ್ರ ಅದರ ಮೇಲಿದೆ; ಇಪ್ಪತ್ತನೆಯ ಶತಮಾನದ ಪುಸ್ತಕ ಕಲೆಯಲ್ಲಿ ಇದಕ್ಕೆ ಸಮನಾದವು ಕೆಲವೇ ಎಂಬುದು ಈ ಲೇಖಕನ ಅಭಿಪ್ರಾಯ. ಹಿಂಬದಿಯ ಬರಹದ 14ನೇ ಸಾಲಿನಲ್ಲಿ ‘ಜೇ ಗ್ಯಾಟ್ಸ್‌ಬಿ’ ಎಂಬ ಹೆಸರಿನ ಮೊದಲಕ್ಷರ ತಪ್ಪಾಗಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಬಹುತೇಕ ಪ್ರತಿಗಳಲ್ಲಿ ಅದನ್ನು ಶಾಯಿಯಿಂದ ಕೈಯಲ್ಲೇ ದೊಡ್ಡಕ್ಷರವಾಗಿ ತಿದ್ದಲಾಗಿದೆ. ನಂತರದ ಹೊದಿಕೆಗಳಲ್ಲಿ ಅದು ಸರಿಯಾಗಿಯೇ ಅಚ್ಚಾಗಿದೆ. ಹೊದಿಕೆ ಪುಸ್ತಕಕ್ಕಿಂತ ತುಸು ಎತ್ತರವಾಗಿದ್ದ ಕಾರಣ ಮೇಲಂಚು ಬೇಗ ಹರಿಯುತ್ತಿತ್ತು. ಹಾಗಾಗಿ ಅಂಚು ಕಿಂಚಿತ್ತೂ ಸವೆಯದ, ಹೊಳಪಿನ ಹೊದಿಕೆ ಕಂಡರೆ ಅದು ಇತ್ತೀಚಿನ ನಕಲೇ ಎಂದು ವಿಚಾರಿಸಬೇಕು. ನಿಜವಾದ 1925ರ ಪುಸ್ತಕಕ್ಕೆ ನಕಲು ಹೊದಿಕೆ ತೊಡಿಸಿ ಮಾರುವುದು ಅಪರೂಪವಲ್ಲ.

ಮೂಲವನ್ನು ಅದರ ಅಚ್ಚಿನ ತಪ್ಪುಗಳ ಸಮೇತ ಪಡಿಯಚ್ಚಾಗಿ ಮುದ್ರಿಸಿದ ಆಧುನಿಕ ಪ್ರತಿಗಳೂ ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಪುಟದಲ್ಲೋ ಕೊನೆಯ ಹಾಳೆಯಲ್ಲೋ ಮರುಮುದ್ರಣದ ಉಲ್ಲೇಖವಿರುತ್ತದೆ. ಆ ಹಾಳೆಯನ್ನು ಕತ್ತರಿಸಿದ ಗುರುತೇನಾದರೂ ಇದೆಯೇ ಎಂದು ಹೊಲಿಗೆಯ ಬಳಿ ನೋಡಬೇಕು. ದೂರದಿಂದ ಕೊಳ್ಳುವವರು ಹಣ ಕಳಿಸುವ ಮುನ್ನ 60, 119, 165, 205 ಮತ್ತು 211ನೇ ಪುಟಗಳ ಸ್ಪಷ್ಟ ಛಾಯಾಚಿತ್ರಗಳನ್ನು ಕೇಳಿ ಪಡೆಯಬೇಕು. ಜೊತೆಗೆ, ಪುಸ್ತಕವೂ ಹೊದಿಕೆಯೂ ಮೂಲದವೇ ಎಂಬ ಭರವಸೆಯನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯಬೇಕು.