ಹೆದರಿದ ಕಚೇರಿಯ ಅಂಕಿಗಳನ್ನು ಓದುವ ಬಗೆ

ಮಾತೆತ್ತಿದರೆ ಅಮಾನತು ಎನ್ನುತ್ತಿದ್ದ ಅಧಿಕಾರಿ ವರ್ಗವಾಗಿ ಹೋದ ತಾಲ್ಲೂಕು ಕಚೇರಿಗೆ ಹೊಸ ಅಧಿಕಾರಿಯಾಗಿ ನೀವು ಬಂದಿದ್ದೀರಿ ಎನ್ನಿ. ಪ್ರಗತಿ ವರದಿಯಲ್ಲಿ ಬಾಕಿ ಬಹುತೇಕ ಸೊನ್ನೆ. ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಕರ್ನಾಟಕದ 2011ರ ಸಕಾಲ ಕಾಯ್ದೆಯ ಪ್ರಕಾರ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಸಿಗಬೇಕು. ಈ ದುಡ್ಡಿಗೆ ನೌಕರರು ಅಷ್ಟಾಗಿ ಹೆದರುವುದಿಲ್ಲ, ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ ಬೈಯುವುದಕ್ಕೆ ಹೆದರುತ್ತಾರೆ. ತಪ್ಪಿಸಿಕೊಳ್ಳಲು ಅವರಿಗಿರುವ ದಾರಿ ಎರಡು. ಅರ್ಜಿಯನ್ನು ಕೈಯಲ್ಲಿ ಇಸಿದುಕೊಂಡು, ಸ್ವೀಕೃತಿ ಕೊಡದೆ, ಕೆಲಸ ಮುಗಿಯುವ ಹೊತ್ತಿಗೆ ನೋಂದಾಯಿಸುವುದು ಒಂದು. ಗಡುವಿನ ಹಿಂದಿನ ದಿನ ‘ದಾಖಲೆ ಅಪೂರ್ಣ’ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನೊಂದು.

ಎರಡನ್ನೂ ಒಂದು ಮಧ್ಯಾಹ್ನದಲ್ಲಿ ಪತ್ತೆ ಮಾಡಬಹುದು. ಹಿಂದಿನ ಮೂರು ತಿಂಗಳಲ್ಲಿ ತಿರಸ್ಕೃತವಾದ ಅರ್ಜಿಗಳಿಂದ 20 ತೆಗೆಸಿ. ಗಡುವಿನ ಕೊನೆಯ ಎರಡು ದಿನಗಳಲ್ಲೇ ಹಿಂಬರಹಗಳು ಗುಂಪುಗೂಡಿವೆಯೇ, ಇಲ್ಲವೆಂದ ದಾಖಲೆ ನಿಜಕ್ಕೂ ಬೇಕಿತ್ತೇ ನೋಡಿ. ಅರ್ಜಿದಾರರಿಗೆ ಫೋನನ್ನು ನೀವೇ ಮಾಡಿ. ಗುಮಾಸ್ತರಿಂದ ಮಾಡಿಸಿದರೆ ಉತ್ತರ ಮೊದಲೇ ತಯಾರಾಗಿರುತ್ತದೆ. ಆಮೇಲೆ ವಿಲೇವಾರಿಯಾದ 20 ಅರ್ಜಿ ತೆಗೆದು, ಸಹಿಯ ಕೆಳಗೆ ಅರ್ಜಿದಾರರು ಬರೆದ ತಾರೀಖನ್ನು ನೋಂದಣಿಯ ತಾರೀಖಿನ ಪಕ್ಕ ಇಟ್ಟು ನೋಡಿ. ಅಂತರ ಮತ್ತೆ ಮತ್ತೆ ವಾರ ದಾಟಿದ್ದರೆ ವರದಿ ಸುಳ್ಳು.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲೂ ಹೀಗೇ ಆಗಿತ್ತು. ತುರ್ತು ವಿಭಾಗದ ನಾಲ್ಕು ಗಂಟೆಯ ಗಡುವು ತಪ್ಪಿದರೆ ಕೆಲಸಕ್ಕೇ ಕುತ್ತು ಎಂಬ ಭಯದಲ್ಲಿ ಸಿಬ್ಬಂದಿ ರೋಗಿಗಳು ಕಾದ ಸಮಯವನ್ನು ತಿದ್ದಿ ಬರೆದರು. ಆ ಆಸ್ಪತ್ರೆಯ ಬಗ್ಗೆ ನಡೆದ ವಿಚಾರಣೆಯ 2013ರ ಫ್ರಾನ್ಸಿಸ್ ವರದಿಯಲ್ಲಿ ಆ ಭಯದ ವಾತಾವರಣದ ವಿವರಗಳಿವೆ.

ಇನ್ನು ಕಡತ. ಟಿಪ್ಪಣಿಗಳೆಲ್ಲ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದಷ್ಟೇ ಮುಗಿಯುತ್ತಿದ್ದರೆ, ಅಭಿಪ್ರಾಯ ಬರೆದವರು ಹಿಂದೆ ಏಟು ತಿಂದಿದ್ದಾರೆ ಎಂದರ್ಥ. ಪ್ರತಿ ಟಿಪ್ಪಣಿಯೂ ನಿಯಮದ ಸಂಖ್ಯೆ ಮತ್ತು ಒಂದು ಸ್ಪಷ್ಟ ಪ್ರಸ್ತಾವದೊಂದಿಗೆ ಬರಲಿ. ಒಪ್ಪದಿದ್ದರೆ ಕಾರಣ ಬರೆದು ಸಹಿ ಹಾಕಿ. ಬರೀ ‘ಚರ್ಚಿಸಿ’ ಎಂದು ಹಿಂದಿರುಗಿಸಬೇಡಿ. ಮೌಖಿಕ ಸೂಚನೆಯನ್ನು ಅಂದೇ ಕಡತಕ್ಕೆ ಏರಿಸಿ, ರಾತ್ರಿ ಕಳಿಸಿದ ವಾಟ್ಸಾಪ್ ಸಂದೇಶವನ್ನೂ ಸೇರಿಸಿ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಬಾಯಿಮಾತಿನ ಆದೇಶಗಳನ್ನು ದಾಖಲಿಸಬೇಕು ಎಂದಿದೆ.

ಮೊದಲ ಸಭೆಯಲ್ಲಿ ಶೇಕಡಾವಾರು ಕೇಳಬೇಡಿ. ‘ಯಾವ ಕೆಲಸ ನಿಂತಿದೆ, ಏನು ಅಡ್ಡಿ?’ ಎಂದು ಕೇಳಿ. ಮೊದಲು ಬಾಯಿಬಿಟ್ಟವರಿಗೆ ನೀವು ಏನು ಹೇಳುತ್ತೀರಿ ಎಂಬುದನ್ನೇ ಉಳಿದವರೆಲ್ಲ ಕಾಯುತ್ತಿರುತ್ತಾರೆ. ಅಲ್ಲಿ ರೇಗಿದರೆ ಎರಡನೆಯವರು ಬಾಯಿ ತೆರೆಯುವುದಿಲ್ಲ.

ಹಾಗೆಂದು ಶಿಸ್ತು ಸಡಿಲವಾಗಬಾರದು. ಲಂಚ, ನಕಲಿ ಸಹಿ, ದಾಖಲೆ ತಿದ್ದುವಿಕೆ ಇನ್ನು ಮುಂದೆ ಕಂಡರೆ ತಕ್ಷಣ ಕ್ರಮ. ಉಳಿದ ಲೋಪಗಳಿಗೆ ಕಡತ ಸಂಖ್ಯೆ, ತಾರೀಖು ನಮೂದಿಸಿ ಒಬ್ಬರಿಗೇ ನೋಟಿಸ್ ಕೊಡಿ, ಉತ್ತರಕ್ಕೆ ಸಮಯ ಕೊಡಿ. ರಾಜ್ಯ ಸರ್ಕಾರಿ ನೌಕರರ ಶಿಸ್ತುಕ್ರಮಕ್ಕೆ ಅನ್ವಯಿಸುವ 1957ರ ಸಿಸಿಎ ನಿಯಮ 12ರಂತೆ ಸಣ್ಣ ದಂಡನೆಗೂ ಸಮಜಾಯಿಷಿಗೆ ಅವಕಾಶ ಇರಲೇಬೇಕು. ಒಂದೇ ದಿನ ಮೂವತ್ತು ಜನರಿಗೆ ನೋಟಿಸ್ ಹೊರಡಿಸಿದರೆ ಮೂವತ್ತೂ ಉತ್ತರ ಒಂದೇ ಅಚ್ಚಿನಲ್ಲಿ ಬರುತ್ತವೆ.

ಅರ್ಜಿಗಳು ಬಂದ ದಿನವೇ ನೋಂದಣಿಯಾಗತೊಡಗಿದರೆ ಬಾಕಿ ಏರುತ್ತದೆ. ಅದನ್ನು ಮೇಲಧಿಕಾರಿಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಮೇಲಿನಿಂದ ಬರುವ ಒತ್ತಡವನ್ನು ನೀವೂ ಕೆಳಕ್ಕೆ ದಾಟಿಸುತ್ತೀರಿ.